ಮೊದಲ ಸೌಟಿನ ದೀಪ

"ಈ ನಾತ ಯಾರದ್ದು?"

ಪ್ರಫುಲ್ಲಾ ಮೆಂಡನ್ ಕೇಳಿದ್ದು ಹಡಗಿನ ತನ್ನ ಕ್ಯಾಬಿನ್ನಿನ ಗೋಡೆಯನ್ನು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲು ತೆರೆದು ಓಣಿಯನ್ನು ನೋಡಿದಳು, ಖಾಲಿ. ಇಲಿಯೇನಾದರೂ ಸತ್ತಿರಬಹುದೆಂದು ಮಂಚದ ಕೆಳಗೆ ಬಗ್ಗಿದಳು, ಇಲಿಯೂ ಇಲ್ಲ. ಕೊನೆಗೆ ಅನುಮಾನದಿಂದಲೇ ದಿಂಬನ್ನೆತ್ತಿ ಮೂಗಿನ ಹತ್ತಿರ ತಂದಳು. ಮರುಕ್ಷಣವೇ ಅದನ್ನು ದೂರ ಎಸೆದಳು.

ನಾತ ಅವಳದೇ. ದಿಂಬಿನ ಬಟ್ಟೆ ಬೆವರು ಕುಡಿದು ಹಳದಿಯಾಗಿ, ಹಳದಿ ಕಂದಾಗಿ, ಕಂದಿನ ಮೇಲೆ ಜಿಡ್ಡು ಕೂತು ಬಾಳೆಲೆಯ ಹಾಗೆ ಹೊಳೆಯುತ್ತಿತ್ತು. ಅದೇ ದಿಂಬಿಗೆ ಕೆನ್ನೆ ಕೊಟ್ಟು ಎಷ್ಟೋ ರಾತ್ರಿ ಮಗುವಿನಂತೆ ನಿದ್ದೆ ಮಾಡಿದ್ದಳು. ತಲೆಗೂದಲು ಮುಟ್ಟಿಕೊಂಡಳು, ಬೆರಳಿಗೆ ಅಂಟಿತು. ಹಿಂದಿನ ಸಂಜೆ ಕಿವಿಯ ಹಿಂದಿನ ಹುಣ್ಣು ಕೀವು ಸುರಿಸತೊಡಗಿದಾಗ, ವಾಸಿಯಾಗಲಿ ಎಂದು ಹುಣಸೆಬೀಜವನ್ನು ತೆಗೆದಿಟ್ಟು ಮಲಗಿದ್ದಳು. ಅಷ್ಟಕ್ಕೇ ಇದೆಲ್ಲ ತಿರುಗಿ ಬಂದಿತ್ತು.

ಹುಣಸೆಬೀಜ ಎಂದರೆ ಕಿವಿಯ ಹಿಂದೆ ಅಂಟಿಸಿಕೊಳ್ಳುವ ಒಂದು ಕಂದು ಗುಂಡಿ. ಆಕಾರ, ಬಣ್ಣ, ಹೊಳಪು ಎಲ್ಲವೂ ಹುಣಸೆಬೀಜದ್ದೇ ಆದದ್ದರಿಂದ ಅದರ ವಿಜ್ಞಾನದ ಹೆಸರು ಯಾರ ನಾಲಗೆಯ ಮೇಲೂ ನಿಲ್ಲಲಿಲ್ಲ. ಮನುಷ್ಯನಿಗೆ ಹೇಸಿಗೆ ಹುಟ್ಟುವುದು ಮಿದುಳಿನ ಒಂದು ಮಡಿಕೆಯಲ್ಲಿ. ಆ ಮಡಿಕೆಗೆ ಈ ಗುಂಡಿ ಸಣ್ಣಗೆ, ನಿಲ್ಲದೆ ಜೋಗುಳ ಹಾಡುತ್ತಿರುತ್ತದೆ. ಮೂಗು ಕೆಡುವುದಿಲ್ಲ, ನಾಲಗೆ ಸಾಯುವುದಿಲ್ಲ. ಕೊಳೆತದ್ದನ್ನು ಮೂಸಿದರೆ ಕೊಳೆತಿದೆ ಎಂದು ತಿಳಿಯುತ್ತದೆ, ಅಂಗಡಿಯ ಬೋರ್ಡು ಓದಿದರೆ ಹೆಸರು ತಿಳಿಯುವ ಹಾಗೆ. ಅಷ್ಟೇ. ಮೈ ಹಿಂದೆ ಸರಿಯುವುದಿಲ್ಲ.

ಕಂಡುಹಿಡಿದವರ ಮನಸ್ಸು ಒಳ್ಳೆಯದೇ ಇತ್ತು. ಮಲದ ಗುಂಡಿಗೆ ಇಳಿಯುವವರು, ಹೆಣ ಕೊಯ್ಯುವವರು, ಹಾಸಿಗೆ ಹಿಡಿದವರ ಮೈ ತೊಳೆಯುವವರು ನೆಮ್ಮದಿಯಾಗಿ ಒಂದು ತುತ್ತು ಉಣ್ಣಲಿ ಎಂಬುದು ಅವರ ಆಸೆ. ಒಳ್ಳೆಯವರ ಆಸೆಯ ಬೆನ್ನಿಗೆ ಕಂಪನಿಗಳ ಆಸೆ ಬಂತು. ಎಂ.ಟಿ. ಕೌಸ್ತುಭದಂಥ ಟ್ಯಾಂಕರುಗಳಿಗೆ ಬೀಜ ಬಂದದ್ದು ಹಾಗೆ. ಈ ಹಡಗು ಹೋಗುವಾಗ ಒಂದು ಸರಕು, ಬರುವಾಗ ಇನ್ನೊಂದು ಸರಕು ಹೊರುತ್ತಿತ್ತು. ಹೋಗುವಾಗ ದೊಡ್ಡ ಊರುಗಳ ಹೋಟೆಲು ಚರಂಡಿಗಳಿಂದ ಬಾಚಿ ತೆಗೆದ ಹಳಸಿದ ಜಿಡ್ಡು. ಅದು ದೂರದೇಶದಲ್ಲಿ ಎಂಜಿನ್ನಿನ ಇಂಧನವಾಗುತ್ತದೆ. ಬರುವಾಗ ಸುಮಾತ್ರಾದ ತಾಳೆ ಎಣ್ಣೆ. ಅದು ನಮ್ಮ ಬಾಣಲೆಗೆ ಬರುತ್ತದೆ. ಎರಡರ ನಡುವೆ ಟ್ಯಾಂಕಿಗೆ ಇಳಿದು ತೊಳೆಯುವುದು ಮನುಷ್ಯನ ಕೆಲಸ. ಮೊದಲು ಆ ಕೆಲಸಕ್ಕೆ ಜನ ಸಿಗುತ್ತಿರಲಿಲ್ಲ. ಬೀಜ ಬಂದ ಮೇಲೆ ಜನ ಹಾಡು ಹೇಳುತ್ತ ಇಳಿಯತೊಡಗಿದರು.

ಪ್ರಫುಲ್ಲಾ ಈ ಹಡಗಿನ ಚೀಫ್ ಆಫೀಸರ್. ಕ್ಯಾಪ್ಟನ್ನನ ನಂತರದವಳು, ಸರಕಿನ ಪೂರ್ತಿ ಹೊಣೆ ಹೊತ್ತವಳು.

ಮೈಯನ್ನು ತಿಕ್ಕಿ ತಿಕ್ಕಿ ತೊಳೆದುಕೊಂಡು ಅವಳು ತಿಂಡಿಗೆ ಹೋದಳು. ತೊಳೆಯಲು ನಿಂತ ಬಚ್ಚಲಿನಲ್ಲಿ ನೀರು ಹೋಗದೆ ಹಿಮ್ಮಡಿ ಮುಳುಗುವಷ್ಟು ನಿಂತಿತ್ತು. ಅದರಲ್ಲಿ ಎಲ್ಲರ ಕೂದಲು, ಎಲ್ಲರ ಕಫ. ಎಂದಿನಿಂದ ನಿಂತಿತ್ತೋ.

ಊಟದ ಕೋಣೆಯಲ್ಲಿ ಪಂಪ್‌ಮನ್ ಬೆನ್ನಿ ಲೋಬೊ ಚಪಾತಿಯನ್ನು ದಾಲಿಗೆ ಅದ್ದುತ್ತಿದ್ದ. ಪಂಪು, ವಾಲ್ವು, ಪೈಪುಗಳೆಲ್ಲ ಅವನ ಕೈಯವು. ಆ ಕೈ ಮೊಣಕೈವರೆಗೆ ಕಪ್ಪು ಗ್ರೀಸು, ಉಗುರಿನ ಸಂದಿಯಲ್ಲಿ ಹಸಿರು ಬಣ್ಣದ್ದೇನೋ. ಬೆರಳು ನೆಕ್ಕಿ ಮತ್ತೆ ದಾಲಿನ ದೊಡ್ಡ ಪಾತ್ರೆಗೇ ಹಾಕಿದ.

"ಬನ್ನಿ ಮೇಡಂ, ಕೂತ್ಕೊಳ್ಳಿ. ಇವತ್ತು ದಾಲ್ ಫಸ್ಟ್ ಕ್ಲಾಸ್ ಉಂಟು."

ಅಡುಗೆಯ ಇದಿನಬ್ಬ ಚಹಾ ತಂದಿಟ್ಟ. ಉಳ್ಳಾಲದವನು, ಹಿರಿಯನೆಂದು ಎಲ್ಲರೂ ಇದಿನಬ್ಬಾಕ ಎನ್ನುವುದು. ಬೀಜ ಬರುವ ಮೊದಲು ಇವನ ಅಡುಗೆಮನೆಗೆ ಚಪ್ಪಲಿ ಹಾಕಿ ಬಂದವರಿಗೆ ಸೌಟಿನ ಪೂಜೆಯಾಗುತ್ತಿತ್ತು. ಈಗ ಅವನ ಏಪ್ರನ್ ತನ್ನಷ್ಟಕ್ಕೇ ನಿಲ್ಲುವಷ್ಟು ಗಟ್ಟಿಯಾಗಿತ್ತು. ಚಹಾದ ಕೆನೆಯ ಮೇಲೆ ಜಿರಲೆಯ ಕಾಲೊಂದು, ಗೀರಿನ ಹಾಗೆ, ತೇಲುತ್ತಿತ್ತು.

"ಇದೆಂಥದು ಇದಿನಬ್ಬಾಕ?"

ಅವನು ಬಗ್ಗಿ ನೋಡಿದ. "ಜಿರಲೆ ಕಾಲು."

"ಕಾಣ್ತದೆ ನನಗೆ."

"ಕಾಣ್ತದಲ್ಲಾ, ಮತ್ತೆ ಕೇಳುದು ಎಂತಕ್ಕೆ?" ಎಂದು ಬೆರಳಲ್ಲೇ ಎತ್ತಿ ತೆಗೆದು, ಬೆರಳನ್ನು ಏಪ್ರನ್ನಿಗೆ ಒರೆಸಿದ. ಏಪ್ರನ್ನಿನಿಂದ ಬೆರಳಿಗೆ ಬಂದದ್ದೇ ಹೆಚ್ಚು.

ಬೆನ್ನಿ ಅವಳ ಕಿವಿಯತ್ತ ನೋಡಿ ಗಹಗಹಿಸಿದ. "ಓ, ಮೇಡಂ ಬೀಜ ತೆಗ್ದಿದ್ದಾರೆ! ಮೇಡಂಗೆ ಮೂಗು ಹುಟ್ಟಿದೆ! ಇದಿನಬ್ಬಾಕಾ, ತೊಟ್ಲು ತೂಗಿ ಹೆಸರಿಡುವ!"

"ನಿನ್ನ ಹೊಟ್ಟೆ ಹೇಗುಂಟು ಬೆನ್ನಿ?"

"ಹೋಗ್ತಾ ಉಂಟು. ಎಲ್ಲರದ್ದೂ ಹೋಗ್ತಾ ಉಂಟು. ಸಮುದ್ರ ಅಲ್ವಾ."

ಸಮುದ್ರ ಶಾಂತವಾಗಿತ್ತು. ಎಲ್ಲರ ಹೊಟ್ಟೆಯೂ ಸುಮಾತ್ರಾ ಬಿಟ್ಟಾಗಿನಿಂದ ಕೆಟ್ಟಿತ್ತು, ಅವಳದೂ. ಕೆಟ್ಟಿದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಅದೊಂದು ಸಂಗತಿ ಅನಿಸಿರಲಿಲ್ಲ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಡೆಕ್ಕಿಗೆ ಓಡಿದಳು. ಹಿಂದೆ ಇದಿನಬ್ಬನ ದನಿ ಕೇಳಿತು: "ಪಾಪ. ಆ ಚಹಾ ಇಲ್ಲಿ ಕೊಡು, ನಾನು ಕುಡೀತೇನೆ."

ಡೆಕ್ಕಿನ ಅಂಚಿನ ಕಟಾಂಜನ ಹಿಡಿದು ವಾಂತಿ ಮಾಡುತ್ತಿರುವಾಗ ಅವಳಿಗೆ ನೆನಪಾದದ್ದು ಮಲ್ಪೆಯ ಶಾಲೆ. ತಾಯಿ ಗಿರಿಜಕ್ಕ ಮೀನು ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದವಳು. ಮಗಳು ಎಷ್ಟು ಸೋಪು ಹಾಕಿ ಮಿಂದು ಬಂದರೂ ಪಕ್ಕದ ಹುಡುಗಿ ಮೂಗಿಗೆ ಲಂಗದ ಅಂಚು ಹಿಡಿದು ಇನ್ನೊಂದು ಬೆಂಚಿಗೆ ಹೋಗಿ ಕೂರುತ್ತಿದ್ದಳು. ಮನುಷ್ಯ ಮನುಷ್ಯನಿಗೆ ಹೇಸುವುದೆಂದರೆ ಏನೆಂದು ಪ್ರಫುಲ್ಲಾಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ. ಹುಣಸೆಬೀಜ ಬಂದ ವರ್ಷ ಹಡಗಿನಲ್ಲಿ ಮೊದಲು ಹಾಕಿಕೊಂಡವಳು ಅವಳೇ. ಇದು ಆ ಶಾಲೆಯಲ್ಲಿ ಇದ್ದಿದ್ದರೆ, ತನ್ನ ಬೆಂಚು ಖಾಲಿ ಉಳಿಯುತ್ತಿರಲಿಲ್ಲ ಎಂದುಕೊಂಡಿದ್ದಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ವಾಂತಿ ನಿಂತು ಮುಖ ಒರೆಸಿಕೊಂಡಾಗ ಇನ್ನೊಂದು ವಾಸನೆ ಬಂತು. ದಿಂಬಿನದ್ದಲ್ಲ, ಬಚ್ಚಲಿನದ್ದೂ ಅಲ್ಲ. ಡೆಕ್ಕಿನಲ್ಲಿ ಸಾಲಾಗಿ ನಿಂತ ಟ್ಯಾಂಕುಗಳ ಗಾಳಿಕೊಳವೆಗಳಿಂದ ಅದು ಬಿಸಿಬಿಸಿಯಾಗಿ ಏಳುತ್ತಿತ್ತು. ತಾಳೆ ಎಣ್ಣೆ ತಣ್ಣಗಾದರೆ ತುಪ್ಪದಂತೆ ಗಟ್ಟಿಯಾಗುತ್ತದೆ. ಬಂದರು ಹತ್ತಿರವಾದಂತೆ ಟ್ಯಾಂಕಿನ ತಳದ ಉಗಿಕೊಳವೆಗಳನ್ನು ಕಾಯಿಸಿ ಅದನ್ನು ಕರಗಿಸಬೇಕು. ಕಾಯಿಸತೊಡಗಿ ಒಂದೆರಡು ದಿನವಾಗಿತ್ತಷ್ಟೆ. ಹಸಿ ತಾಳೆ ಎಣ್ಣೆಗೆ ಕ್ಯಾರೆಟ್ಟಿನ, ಒದ್ದೆ ಮಣ್ಣಿನ ಪರಿಮಳವಿರುತ್ತದೆ. ಇದು ಹಾಗಿರಲಿಲ್ಲ. ಮದುವೆಮನೆಯ ಹಿಂದೆ, ಎಂಜಲೆಲೆಗಳು ಮೂರನೆಯ ದಿನ ಬಿಸಿಲಿಗೆ ಕುದಿಯುವಾಗಿನ ನಾತ.

ಅವಳು ಕಾರ್ಗೋ ಕಂಟ್ರೋಲ್ ರೂಮಿಗೆ ನಡೆದಳು. ಅಲ್ಲಿ ಗೋಡೆಯ ತುಂಬ ಹಸಿರು ದೀಪಗಳು, ಮಟ್ಟ, ಶಾಖ, ಒತ್ತಡ ಎಲ್ಲ ಸರಿ. ಎಣ್ಣೆಯ ಮಾದರಿ ಬಾಟಲಿಯ ಮುಚ್ಚಳ ತೆರೆದು ಮೂಸಿದಳು, ತಟ್ಟನೆ ಮುಚ್ಚಿದಳು. ಪರೀಕ್ಷಾಯಂತ್ರಕ್ಕೆ ಹನಿ ಹಾಕಿದಳು. ಯಂತ್ರ ಗುನುಗಿ, ಹಸಿರು ತೋರಿಸಿತು. ಅದಕ್ಕೆ ಪೆಟ್ರೋಲು ಗೊತ್ತು, ಡೀಸೆಲ್ಲು ಗೊತ್ತು, ಕಾರ್ಖಾನೆಯ ನೂರೆಂಟು ದ್ರಾವಣ ಗೊತ್ತು. ಎಣ್ಣೆಯಲ್ಲಿ ಬೆರೆತ ಹಳಸಿದ ಎಣ್ಣೆ ಗೊತ್ತಿಲ್ಲ. ಅದನ್ನು ಗುರುತಿಸಲು ಮನುಷ್ಯನ ಮೂಗೇ ಇದೆಯಲ್ಲ ಎಂದು ಯಂತ್ರ ಮಾಡಿದವರು ಆ ಕೆಲಸವನ್ನು ಬಿಟ್ಟಿದ್ದರು.

ಬೆನ್ನಿಯನ್ನು ಕರೆಸಿದಳು.

"ಟ್ಯಾಂಕ್ ತೊಳೆದ ಮೇಲೆ ಉಗಿಕೊಳವೆಯ ಅಡಿ ಕೆರೆದಿದ್ದೀಯಾ?"

"ಇಲ್ಲ ಮೇಡಂ."

"ಪಂಪಿನ ಕೆಳಗಿನ ಹೊಂಡ?"

"ಅದ್ರಲ್ಲಿ ಲೋಳೆ ಇತ್ತು. ಎರಡು ಹೆಗ್ಗಣ ಸಹ ಇತ್ತು, ಬೆಂದು ಬಿಳಿಯಾಗಿತ್ತು." ಅವನ ಮುಖದಲ್ಲಿ ಕಳ್ಳತನದ ಒಂದು ಗೆರೆಯಿಲ್ಲ. "ನಾನು ಹೇಳಿದ್ನಲ್ಲ ಮೇಡಂ ನಿಮ್ಗೆ. ಅಲ್ಲೇ, ಕೆಳಗೆ ನಿಂತು. ನೀವು ಹೂಂ ಅಂದ್ರಿ."

ಹೌದು. ಅವಳು ಹೂಂ ಅಂದಿದ್ದಳು.

ತಿನ್ನುವ ಎಣ್ಣೆಯ ಹಡಗುಗಳಲ್ಲಿ ಒಂದು ಹಳೆಯ ಪದ್ಧತಿ: ತೊಳೆದಾದ ಮೇಲೆ ಚೀಫ್ ಆಫೀಸರ್ ತಾನೇ ಟ್ಯಾಂಕಿಗೆ ಇಳಿಯಬೇಕು, ಬರಿಗೈಯಿಂದ ಗೋಡೆ ಒರೆಸಬೇಕು, ಅಂಗೈ ಮೂಸಬೇಕು. ಕೈಗೆ ಹೇಸಿಗೆಯಾದರೆ ಮತ್ತೆ ತೊಳೆಯಬೇಕು. ಸುಮಾತ್ರಾದಲ್ಲಿ ಅವಳು ಇಳಿದಿದ್ದಳು, ಒರೆಸಿದ್ದಳು, ಮೂಸಿದ್ದಳು. "ವಾಸನೆ ಉಂಟು," ಎಂದಿದ್ದಳು. "ಉಂಟು," ಎಂದಿದ್ದ ಬೆನ್ನಿ. ಇಬ್ಬರೂ ಏಣಿ ಹತ್ತಿ ಮೇಲೆ ಬಂದು ಚಹಾ ಕುಡಿದಿದ್ದರು. ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಎಲ್ಲ ಗೊತ್ತಿದ್ದೂ ಕಾಲು ಮಾತ್ರ ಹಿಂದೆ ಸರಿದಿರಲಿಲ್ಲ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅದೇ ಕೈಯಲ್ಲಿ ಬಿಸ್ಕತ್ತು ತಿಂದದ್ದೂ ಅವಳಿಗೆ ನೆನಪಿತ್ತು.

ಸಂಜೆಗೆ ಹಡಗು ಪಣಂಬೂರಿನ ಹೊರಗಡಲಲ್ಲಿ ಲಂಗರು ಹಾಕಿತು. ತೀರದ ದೀಪಗಳು ಕಂಡವು, ಫೋನಿಗೆ ಸಿಗ್ನಲ್ ಬಂತು. ತೆರೆಯ ಮೇಲೆ ಗಿರಿಜಕ್ಕನ ಮುಖ ಮೂಡಿತು, ಹಿಂದೆ ಒಲೆ, ಒಲೆಯ ಮೇಲೆ ಬಾಣಲೆ.

"ಪುಲ್ಲೂ, ಎಂತ ಮಗಾ ಹೀಗಾಗಿದ್ದಿ? ಊಟ ಸೇರುದಿಲ್ವಾ?"

"ಬೀಜ ತೆಗ್ದಿದ್ದೇನೆ ಅಮ್ಮ. ಕಿವಿ ಹುಣ್ಣಾಗಿದೆ. ಎಲ್ಲ ನಾತ."

"ಅಷ್ಟೆಯಾ! ನಾನು ಎಂತದೋ ಅಂತ ಹೆದರಿದೆ." ಗಿರಿಜಕ್ಕ ನಕ್ಕಳು. "ದೇವರು ಮೂಗನ್ನು ಬಾಯಿಯ ಮೇಲೆ ಇಟ್ಟದ್ದು ಚಂದಕ್ಕೆ ಅಂತ ಮಾಡಿದ್ಯಾ? ಬಾಗಿಲಿಗೆ ನಾಯಿ ಇದ್ದ ಹಾಗೆ. ಬೊಗಳ್ಲಿ ಬಿಡು."

"ನನ್ನ ಮೇಲೆ ಬೊಗಳಿದ್ದು ನೆನಪುಂಟಾ? ಶಾಲೆಯಲ್ಲಿ?"

ತಾಯಿ ಒಲೆಯ ಉರಿ ತಗ್ಗಿಸಿದಳು. "ಉಂಟು. ಕೆಟ್ಟ ನಾಯಿ ಮನೆಯವರನ್ನೇ ಕಚ್ಚುತ್ತದೆ. ಹಾಗಂತ ನಾಯಿಯನ್ನೇ ಕೊಂದು ಬಾಗಿಲು ತೆರೆದು ಮಲಗ್ತಾರಾ? ತಿದ್ಬೇಕು." ಮತ್ತೆ ಬಾಣಲೆಯತ್ತ ತಿರುಗಿದಳು. "ನಿನ್ನ ಎಣ್ಣೆ ಬರುದು ನಮ್ಮ ರೇಶನಿಗೇ ಅಂತಲ್ಲ? ಅಂಗನವಾಡಿಗೂ ಅದೇ ಕೊಡುದಂತೆ. ಬೇಗ ಇಳಿಸು ಮಾರಾಯ್ತಿ, ಡಬ್ಬ ತಳ ಕಂಡಿದೆ."

ಫೋನು ಇಟ್ಟ ಮೇಲೆ ಅವಳಿಗೆ ತೀರಿಹೋದ ಅಪ್ಪ ನೆನಪಾದರು. ಶನಿವಾರ ಭಜನಾಮಂದಿರದಲ್ಲಿ ಅಪ್ಪ ರಾಗವಾಗಿ ಪುರಾಣ ಓದುತ್ತಿದ್ದರು, ಬಲೆ ಎಳೆದು ಬಂದ ಗಂಡಸರು ಕೂತಲ್ಲೇ ತೂಕಡಿಸುತ್ತ ಕೇಳುತ್ತಿದ್ದರು. ತಮ್ಮನನ್ನೇ ಕುರಿಯಾಗಿಸಿ, ಅಡುಗೆ ಮಾಡಿ, ದಾರಿಹೋಕ ಬ್ರಾಹ್ಮಣರಿಗೆ ಬಡಿಸುತ್ತಿದ್ದ ರಾಕ್ಷಸನ ಕಥೆ ಬಂದಾಗ ಅಪ್ಪ ಒಂದು ಕಡೆ ರಾಗ ನಿಲ್ಲಿಸಿ ತಲೆಯೆತ್ತುತ್ತಿದ್ದರು. ತಮ್ಮ ಅವರ ಹೊಟ್ಟೆ ಸೀಳಿ ಹೊರಬರುವ ಜಾಗದಲ್ಲಲ್ಲ, ಅದಕ್ಕಿಂತ ಮೊದಲೇ. ಅತಿಥಿಗಳು ಬೆರಳು ನೆಕ್ಕಿ ಇನ್ನಷ್ಟು ಬಡಿಸಿ ಎನ್ನುವ ಜಾಗದಲ್ಲಿ. "ರುಚಿಯಾಗಿತ್ತಂತೆ," ಎಂದು ಅಪ್ಪ ಮೆಲ್ಲಗೆ ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಅದು ಏಕೆಂದು ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಸೇತುವೆಗೆ ಕರೆದರು. ಹಡಗು ನಡೆಸುವ ಆ ಎತ್ತರದ ಕೋಣೆಯನ್ನು ಹಡಗಿನವರು ಸೇತುವೆ ಎಂದೇ ಕರೆಯುವುದು. ಕೌಸ್ತುಭದಲ್ಲಿ ಒಂದು ಸಂಪ್ರದಾಯವಿತ್ತು. ತಿನ್ನುವ ಎಣ್ಣೆ ಇಳಿಸುವ ಮೊದಲು, ಇನ್ನೂ ಲಂಗರಿನಲ್ಲಿರುವಾಗಲೇ, ಮೊದಲ ಸೌಟು ದೇವರಿಗೆ, ಎರಡನೆಯ ಸೌಟು ಬಾಣಲೆಗೆ. ಟ್ಯಾಂಕರಿನಲ್ಲಿ ಬೆಂಕಿ ನಿಷಿದ್ಧ. ಉಳಿದ ದಿನಗಳಲ್ಲಿ ದೇವರಿಗೆ ಬಲ್ಬೇ ಗತಿ. ಈ ಒಂದು ದಿನ ಮಾತ್ರ, ಗಾಜಿನ ಚಿಮಣಿಯೊಳಗೆ, ನಿಜವಾದ ಬತ್ತಿ. ಒಂದೇ ಹಲಗೆಯ ಮೇಲೆ ಗಣಪತಿ, ಮೇರಿಯಮ್ಮ, ಇದಿನಬ್ಬ ಊರಿನಿಂದ ತಂದಿಟ್ಟ ದರ್ಗಾದ ಚಿತ್ರ.

ಕ್ಯಾಪ್ಟನ್ ಉಲ್ಲಾಸ ತಾಂಡೇಲ ಕಾರವಾರದ ಕಡಲ ಮನೆತನದವನು. ಸ್ನಾನ ಮಾಡಿ ಕುಂಕುಮ ಇಟ್ಟಿದ್ದ. ಸ್ನಾನ ಅದೇ ಬಚ್ಚಲಿನದು. ಭಕ್ತಿಯಿಂದ ಸೌಟು ಬಗ್ಗಿಸಿ, ಕೆಂಪನೆಯ ಎಣ್ಣೆಯನ್ನು ಹಣತೆಗೆ ಹೊಯ್ದು, ಬತ್ತಿ ಹಚ್ಚಿದ.

ಬತ್ತಿ ಚಟಚಟ ಅಂದಿತು. ಹೊಗೆ ಚಿಮಣಿಯ ಬಾಯಿಯಿಂದ ಕರಿ ದಾರದಂತೆ ಹೊರಬಂತು. ಸುಟ್ಟ ಕೂದಲು, ಹಳಸಿದ ಕೊಬ್ಬು, ಬೆಂದ ಹೆಗ್ಗಣ ಎಲ್ಲವೂ ಆ ದಾರದಲ್ಲಿ ಹೊಸೆದುಕೊಂಡಿದ್ದವು. ಮುಚ್ಚಿದ ಕೋಣೆಯಲ್ಲಿ ಅದು ದೇವರ ಮುಖಕ್ಕೆ ಹೋಗಿ ತಾಗಿ, ತಿರುಗಿ ಮನುಷ್ಯರ ಮುಖಕ್ಕೆ ಬಂತು. ಗಣಪತಿಯ ಸೊಂಡಿಲ ಮೇಲೆ ಮಸಿಯ ಜಿಡ್ಡು ಕೂತಿತು. ಎಲ್ಲರೂ ಕೈ ಮುಗಿದು, ಕಣ್ಣು ಮುಚ್ಚಿ, ಆ ಹೊಗೆಯನ್ನು ಎದೆತುಂಬ ಎಳೆದುಕೊಳ್ಳುತ್ತಿದ್ದರು. ಬೆನ್ನಿ ಶಿಲುಬೆ ಗುರುತು ಮಾಡಿಕೊಂಡ. ಇದಿನಬ್ಬ ಎರಡನೆಯ ಸೌಟಿನಲ್ಲಿ ಕರಿದ ಬಾಳೆಕಾಯಿ ಪೋಡಿಯ ತಟ್ಟೆ ಹಿಡಿದು ಬಂದ, ಬಿಸಿಬಿಸಿ, ಎಣ್ಣೆ ತೊಟ್ಟಿಕ್ಕುತ್ತಿತ್ತು. ಅವರು ತಿಂದರು. ಬೆರಳು ನೆಕ್ಕಿದರು.

"ಗರಿಗರಿ ಬಂದದೆ ಭಂಡಾರೀ," ಎಂದ ಕ್ಯಾಪ್ಟನ್, ಅಡುಗೆಯವರನ್ನು ಹಡಗಿನಲ್ಲಿ ಕರೆಯುವಂತೆ. "ಇನ್ನೊಂದು ಹಾಕು."

ಪ್ರಫುಲ್ಲಾ ಕಿಟಕಿಯ ಚೌಕಟ್ಟು ಹಿಡಿದು ನಿಂತಿದ್ದಳು. ಉಳಿದವರು ಹೋಗುವವರೆಗೆ ಕಾದು, ಕ್ಯಾಪ್ಟನ್ ಒಬ್ಬನೇ ಉಳಿದಾಗ ಹೇಳಿದಳು: "ಸರ್, ಈ ಎಣ್ಣೆ ಇಳಿಸ್ಲಿಕ್ಕೆ ಆಗುದಿಲ್ಲ. ಟ್ಯಾಂಕ್ ಕ್ಲೀನ್ ಆಗಿರ್ಲಿಲ್ಲ. ತಪ್ಪು ನನ್ನದೇ."

"ಗೊತ್ತು," ಎಂದ ಅವನು, ಪೋಡಿ ಅಗಿಯುತ್ತಲೇ. "ಪಂಪ್‌ಮನ್ ಹೇಳ್ದ. ವಾಸನೆ ಬರ್ತದೆ, ನಂಗೂ ಬರ್ತದೆ. ಅದಕ್ಕೇನೀಗ? ದಂಡೆಯ ಮೇಲಿನ ರಿಫೈನರಿಯಲ್ಲಿ ಉಗಿ ಹಾಯಿಸ್ತಾರೆ, ಬಣ್ಣ ವಾಸನೆ ಎರಡೂ ಹೋಗ್ತದೆ. ಅಲ್ಲಿಯವರ ಕಿವಿಯಲ್ಲೂ ಬೀಜವೇ. ಹೇಸೂರೇ ಇಲ್ದ ಮೇಲೆ ಹೇಸಿಗೆ ಎಲ್ಲಿಂದ ಬಂತು, ಹೇಳಿ?"

"ಉಗಿಗೆ ನಾತ ಹೋಗ್ತದೆ ಸರ್, ಕೆಟ್ಟದ್ದು ಹೋಗುದಿಲ್ಲ. ನಮ್ಮೆಲ್ಲರ ಹೊಟ್ಟೆ ನೋಡಿ. ನಾವು ಬೀಜ ಹಾಕಿದ್ದು ಕಿವಿಗೆ. ಹೊಟ್ಟೆ ಬೀಜ ಹಾಕಿಕೊಂಡಿಲ್ಲ. ಅಂಗನವಾಡಿ ಮಕ್ಕಳ ಹೊಟ್ಟೆ ಹಾಕಿಕೊಳ್ಳುದಿಲ್ಲ."

ಅವನು ಕೈ ಒರೆಸಿಕೊಂಡು ಹತ್ತಿರ ಬಂದ. ದನಿ ಮೆತ್ತಗಾಯಿತು. "ಚೀಫ್, ನೀವು ನಿನ್ನೆಯಿಂದ ಅನ್ನ ಮುಟ್ಟಿಲ್ಲ. ನಮ್ಮ ಮುಖ ಕಂಡರೆ ನಿಮಗೆ ವಾಂತಿ. ಇದು ನೀವಲ್ಲ, ಹುಣ್ಣು ಮಾತಾಡ್ತಾ ಅದೆ." ಕಿಸೆಯಿಂದ ಹೊಸ ಹುಣಸೆಬೀಜವೊಂದನ್ನು ತೆಗೆದು ಅಂಗೈಯ ಮೇಲಿಟ್ಟು ಚಾಚಿದ. "ಆ ಕಿವಿ ಬ್ಯಾಡ, ಈ ಕಿವಿಗೆ ಹಾಕ್ಕೊಳ್ಳಿ. ದಂಡೆಯವರಿಗೆ ಟ್ಯಾಂಕಿನ ಮಾತು ಸರಕಿನ ಆಫೀಸರ್ ಬಾಯಿಂದಲೇ ಬರಬೇಕು, ನಂಗೆ ಹೇಳೂಕಾಗ್ತಿದ್ರೆ ನಿಮ್ಮನ್ನ ಕೇಳ್ತಿರಲಿಲ್ಲ. ಟ್ಯಾಂಕ್ ಶುದ್ಧ ಅದೆ ಅಂತ ಒಂದು ಮಾತು. ಆಮೇಲೆ ಹಾಯಾಗಿ ಊಟ ಮಾಡಿ, ಮಲಗಿ. ತಂಗಿ ಅಂತ ತಿಳ್ಕೊಂಡು ಕೇಳ್ತೆ."

ಅವನ ಅಂಗೈಯ ಗೆರೆಗಳಲ್ಲಿ ಕೊಳೆ ಕೂತು ನದಿಗಳ ನಕ್ಷೆಯಂತೆ ಕಾಣುತ್ತಿತ್ತು. ಅದರ ನಡುವೆ ಬೀಜ, ಕಂದಾಗಿ, ನುಣ್ಣಗೆ. ಅವಳಿಗೆ ಅದು ಬೇಕಿತ್ತು. ಬಾಯಾರಿದವಳಿಗೆ ನೀರು ಬೇಕಾದಷ್ಟು ಬೇಕಿತ್ತು. ಒಮ್ಮೆ ಅಂಟಿಸಿದರೆ ಸಾಕು, ಈ ಕೋಣೆ ಬರೀ ಕೋಣೆಯಾಗುತ್ತದೆ, ಈ ಮನುಷ್ಯ ಬರೀ ಮನುಷ್ಯನಾಗುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿಸ್ಕತ್ತು ತಿಂದ ತನ್ನ ಅಂಗೈಯ ಮೇಲೆ ತನಗೇ ಆಗುತ್ತಿರುವ ಈ ಹೇಸಿಗೆ ಮಲಗುತ್ತದೆ. ಪಕ್ಕದ ಬೆಂಚಿಗೆ ಎದ್ದುಹೋದ ಹುಡುಗಿ ಈಗ ಅವಳೇ ಆಗಿದ್ದಳು. ಲಂಗದ ಅಂಚು ಈಗ ಅವಳ ಮೂಗಿನ ಮೇಲಿತ್ತು.

ಅವಳು ಕೈ ಚಾಚಿ ಬೀಜ ಎತ್ತಿಕೊಂಡಳು. ಕ್ಯಾಪ್ಟನ್ ಉಸಿರು ಬಿಟ್ಟ.

"ಹಾಕಿಕೊಳ್ತೇನೆ ಸರ್. ಅದಕ್ಕೆ ಮೊದಲು ನೀವು ನಿಮ್ಮದನ್ನು ತೆಗೀರಿ. ಈ ದೀಪದ ಮುಂದೆ ಒಂದೇ ಒಂದು ಉಸಿರು ತಗೊಳ್ಳಿ. ತಟ್ಟೆಯಲ್ಲಿ ಒಂದು ಪೋಡಿ ಉಳಿದಿದೆ, ಅದನ್ನು ತಿನ್ನಿ. ತಿಂದ ಮೇಲೆ ನೀವು ಇಳಿಸು ಅಂದ್ರೆ, ಇಳಿಸುವ."

ಕ್ಯಾಪ್ಟನ್ನನ ಕೈ ಕಿವಿಯ ಹಿಂದಕ್ಕೆ ಹೋಯಿತು. ಬೆರಳು ಬೀಜದ ಅಂಚನ್ನು ಮುಟ್ಟಿತು. ಅವನು ದೀಪವನ್ನು ನೋಡಿದ, ಮಸಿ ಹಿಡಿದ ಗಣಪತಿಯನ್ನು ನೋಡಿದ, ತಟ್ಟೆಯಲ್ಲಿ ಎಣ್ಣೆಯಲ್ಲಿ ತೊಯ್ದು ಕೂತ ಪೋಡಿಯನ್ನು ನೋಡಿದ. ಬೀಜ ಹೇಸಿಗೆಯನ್ನು ಮಲಗಿಸುತ್ತದೆ, ಹೆದರಿಕೆಯನ್ನಲ್ಲ. ಅವನ ಹಣೆಯ ಕುಂಕುಮ ಬೆವರಿಗೆ ಇಳಿದು ಮೂಗಿನವರೆಗೆ ಬಂತು.

"ಎಂಟು ವರ್ಷ ಆಯ್ತು, ತೆಗೆದಿಲ್ಲ ನಾನು," ಎಂದ. ಕೈ ಕೆಳಗಿಳಿಯಿತು.

ಅಷ್ಟರಲ್ಲಿ ರೇಡಿಯೊ ಕರಕರಗುಟ್ಟಿತು. ದಂಡೆಯಿಂದ ಯಾವುದೋ ಹುಡುಗಿಯ ಸ್ವರ, ಚುರುಕು, ನಗುಮೊಗದ್ದು. "ಕೌಸ್ತುಭ, ಕೌಸ್ತುಭ, ಗುಡ್ ಮಾರ್ನಿಂಗ್. ಚೀಫ್ ಮೇಡಂ ಇದ್ದಾರಾ? ಹಡಗನ್ನು ಒಳಗೆ ತರ್ಲಿಕ್ಕೆ ಪೈಲಟ್ ರೆಡಿ ಇದ್ದಾರೆ, ಪೈಪ್ ರೆಡಿ ಉಂಟು, ನೀವು ಟ್ಯಾಂಕ್ ಶುದ್ಧ ಉಂಟು ಅಂತ ಒಂದು ಮಾತು ಹೇಳಿಬಿಡಿ ಮೇಡಂ, ಶುರು ಮಾಡುವ."

ಕ್ಯಾಪ್ಟನ್ ಅವಳನ್ನೇ ನೋಡುತ್ತಿದ್ದ. ಪ್ರಫುಲ್ಲಾ ಹುಣಸೆಬೀಜವನ್ನು ಹಲಗೆಯ ಮೇಲೆ, ಹೊಗೆಯುಗುಳುವ ಹಣತೆಯ ಪಕ್ಕದಲ್ಲಿಟ್ಟಳು. ರೇಡಿಯೊದ ಗುಂಡಿ ಒತ್ತಿದಳು. ಮಾತಾಡಬೇಕಾದರೆ ಉಸಿರು ಎಳೆದುಕೊಳ್ಳಬೇಕು. ಎಳೆದುಕೊಂಡಳು, ಆ ನಾತವನ್ನೆಲ್ಲ, ಎದೆತುಂಬ.

"ಹೇಳುದಿಲ್ಲ," ಎಂದಳು.